ಬೆರಕೆ ಮೂಲ, ಆಯ್ದುಕೊಂಡ ಗುರುತು: ಕರ್ನಾಟಕದ ಆಂಗ್ಲೋ-ಇಂಡಿಯನ್ ಸಮುದಾಯವನ್ನು ಕುರಿತು

೨೦೧೯ರ ಡಿಸೆಂಬರ್ ತಿಂಗಳಿನಲ್ಲಿ ಲೋಕಸಭೆಯಲ್ಲಿ ಒಂದು ಸಂಖ್ಯೆ ಚರ್ಚೆಗೆ ಬಂತು. ೨೦೧೧ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿರುವ ಆಂಗ್ಲೋ-ಇಂಡಿಯನ್ನರು ೨೯೬ ಮಂದಿ ಮಾತ್ರ ಎಂದು ಅಂದಿನ ಕೇಂದ್ರ ಕಾನೂನು ಸಚಿವ ರವಿಶಂಕರ್ ಪ್ರಸಾದ್ ಅವರು ಸದನಕ್ಕೆ ತಿಳಿಸಿದರು. ಆಗ ಪ್ರಕಟವಾದ ರಾಜ್ಯವಾರು ವಿವರದಲ್ಲಿ ಕೇರಳಕ್ಕೆ ೧೨೪, ತಮಿಳುನಾಡಿಗೆ ೬೯, ಆಂಧ್ರಪ್ರದೇಶಕ್ಕೆ ೬೨ ಎಂದು ನಮೂದಾಗಿತ್ತು. ಕರ್ನಾಟಕದ ಪಾಲಿಗೆ ಬಂದದ್ದು ೯. ಅದೇ ತಿಂಗಳು ಅಂಗೀಕಾರ ಪಡೆದ ಸಂವಿಧಾನದ ೧೦೪ನೆಯ ತಿದ್ದುಪಡಿಯು, ಲೋಕಸಭೆಗೆ ಇಬ್ಬರನ್ನೂ ರಾಜ್ಯ ವಿಧಾನಸಭೆಗೆ ಒಬ್ಬರನ್ನೂ ಈ ಸಮುದಾಯದಿಂದ ನಾಮನಿರ್ದೇಶನ ಮಾಡುವ ಎಪ್ಪತ್ತು ವರ್ಷಗಳ ವ್ಯವಸ್ಥೆಯನ್ನು ಮುಂದುವರಿಸಲಿಲ್ಲ. ೨೦೨೦ರ ಜನವರಿಯಲ್ಲಿ ಅದರ ಅವಧಿ ಮುಗಿಯಿತು. ಅಂದು ಇದ್ದ ವಿಧಾನಸಭೆ ವಿಸರ್ಜನೆಯಾಗುವವರೆಗೆ ಹಳೆಯ ಸದಸ್ಯತ್ವ ಉಳಿದಿತ್ತಾಗಿ, ಕರ್ನಾಟಕದಲ್ಲಿ ಆ ಇನ್ನೂರ ಇಪ್ಪತ್ತೈದನೆಯ ಸ್ಥಾನ ತೆರವಾದದ್ದು ೨೦೨೩ರಲ್ಲಿ.

ನಾಮನಿರ್ದೇಶನ ಮುಂದುವರಿಯಬೇಕಿತ್ತೇ ಬೇಡವೇ ಎಂಬುದು ರಾಜಕೀಯ ವಿವೇಚನೆಯ ವಿಷಯ. ಪ್ರಸ್ತುತ ಲೇಖನದ ಆಸಕ್ತಿ ಅದರಲ್ಲಿಲ್ಲ. ಬೆಂಗಳೂರಿನ ದಂಡು ಪ್ರದೇಶ, ವೈಟ್‌ಫೀಲ್ಡ್, ಕೋಲಾರದ ಚಿನ್ನದ ಗಣಿ, ರೈಲ್ವೆ ವಸಾಹತುಗಳು ಇವನ್ನೆಲ್ಲ ಒಳಗೊಂಡ ನಾಡಿನಲ್ಲಿ ಒಂಬತ್ತು ಜನ ಮಾತ್ರ ಆಂಗ್ಲೋ-ಇಂಡಿಯನ್ನರು ಎಂಬ ಲೆಕ್ಕ ಹೇಗೆ ಸಾಧ್ಯವಾಯಿತು? ಸಮುದಾಯದ ಸಂಘಟನೆಗಳು ತಮ್ಮ ಸಂಖ್ಯೆ ಲಕ್ಷವನ್ನು ಮೀರುತ್ತದೆಂದು ವಾದಿಸಿದವು. ಒಂದೇ ಸಮುದಾಯಕ್ಕೆ ಇಷ್ಟು ದೂರದ ಎರಡು ಲೆಕ್ಕಗಳಿರುವುದು ಎಣಿಕೆಯ ತಪ್ಪಿನಿಂದಷ್ಟೇ ಆಗಲಾರದು. ಎರಡು ಮೂಲಗಳಿಂದ ಬಂದ ವ್ಯಕ್ತಿ ತನ್ನನ್ನು ಏನೆಂದು ಕರೆದುಕೊಳ್ಳುತ್ತಾನೆ, ಹಾಗೆ ಕರೆದುಕೊಳ್ಳಲು ಅವನಿಗೆ ಯಾವ ಪದಗಳು ಲಭ್ಯವಿವೆ, ಆ ಪದಗಳನ್ನು ಸಿದ್ಧಪಡಿಸಿದವರು ಯಾರು ಎಂಬ ಪ್ರಶ್ನೆಗಳು ಇದರ ಹಿಂದಿವೆ. ಗುರುತು ಆಯ್ಕೆಯೇ ಹೌದು, ಆದರೆ ಇನ್ನೊಬ್ಬರು ಬರೆದಿಟ್ಟ ಪಟ್ಟಿಯೊಳಗಿನ ಆಯ್ಕೆ ಎಂಬುದನ್ನು ಈ ಸಮುದಾಯದ ಚರಿತ್ರೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

೧. ಪದಗಳ ಹೊರೆ

ಕನ್ನಡದಲ್ಲಿ ಈ ವಿಷಯವನ್ನು ಎತ್ತಿಕೊಂಡೊಡನೆ ಎದುರಾಗುವ ಮೊದಲ ತೊಡಕು ಪದಗಳದ್ದು. ‘ಬೆರಕೆ’ ಎಂಬ ಮಾತು ಎರಡು ವಸ್ತುಗಳು ಕೂಡುವುದನ್ನು ಹೇಳುವುದರ ಜೊತೆಗೆ, ಶುದ್ಧವಾದದ್ದು ಕೆಟ್ಟಿತೆಂಬ ದನಿಯನ್ನೂ ಹೊತ್ತಿದೆ. ಹಾಲಿಗೆ ನೀರು ಸೇರಿದರೆ ಅದು ಕಲಬೆರಕೆ. ಸಂಸ್ಕೃತದಿಂದ ಬಂದ ‘ಸಂಕರ’ದ ಹೊರೆ ಇನ್ನೂ ಹೆಚ್ಚಿನದು. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನು ಯುದ್ಧದಿಂದ ಹಿಂದೆಗೆಯಲು ನೀಡುವ ಕಾರಣಗಳಲ್ಲಿ ವರ್ಣಸಂಕರದ ಭಯವೂ ಒಂದು. ಧರ್ಮಶಾಸ್ತ್ರಗಳು ಅನುಲೋಮ, ಪ್ರತಿಲೋಮ ಎಂಬ ವಿಂಗಡಣೆಯಿಂದ ಇಂತಹ ಸಂತಾನಕ್ಕೆ ಮೇಲುಕೀಳಿನ ಸ್ಥಾನಗಳನ್ನು ಗೊತ್ತುಮಾಡಿದವು. ಅದೇ ಭಾಷೆಯ ಸಂಗೀತಶಾಸ್ತ್ರದಲ್ಲಾದರೋ ಏಳು ಅಕ್ಷರಗಳ ಮಿಶ್ರ ಜಾತಿಯೂ ಒಂಬತ್ತು ಅಕ್ಷರಗಳ ಸಂಕೀರ್ಣ ಜಾತಿಯೂ ತಿಶ್ರ, ಚತುರಶ್ರ, ಖಂಡಗಳ ಸಾಲಿನಲ್ಲೇ ಸಮಾನ ಗೌರವದಿಂದ ಕುಳಿತಿವೆ. ಬೆರೆಯುವಿಕೆ ದೋಷವೇ ಗುಣವೇ ಎಂಬುದು ಅದನ್ನು ಯಾವ ಕ್ಷೇತ್ರದಲ್ಲಿ ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ.

ಐರೋಪ್ಯರನ್ನು ಕುರಿತು ಕನ್ನಡಿಗರು ಬಳಸಿದ ‘ಪರಂಗಿ’ ಎಂಬ ಪದವೂ ಗಮನಾರ್ಹ. ಫ್ರಾಂಕರೆಂಬ ಜನವಾಚಕವು ಅರಬ್ಬೀ, ಪಾರಸಿ ಭಾಷೆಗಳ ಮೂಲಕ ನಮ್ಮಲ್ಲಿಗೆ ಬಂದು ಪರಂಗಿಯಾಯಿತು. ಅವರು ತಂದ ತೋಪು ಫಿರಂಗಿಯಾಯಿತು, ಅವರ ಮೂಲಕ ಬಂದ ಹಣ್ಣು ಪರಂಗಿಹಣ್ಣಾಯಿತು, ಮಂಗಳೂರಿನ ಸಮೀಪದ ಊರೊಂದು ಫರಂಗಿಪೇಟೆಯೆನಿಸಿತು. ಹಣ್ಣು ನಮ್ಮ ಹಿತ್ತಿಲಿನದೇ ಆಗಿಹೋಯಿತು. ಆದರೆ ಅದೇ ಪರಂಗಿಯವರಿಗೂ ಈ ನೆಲದ ಹೆಣ್ಣುಮಕ್ಕಳಿಗೂ ಹುಟ್ಟಿದ ಮಕ್ಕಳನ್ನು ಕರೆಯಲು ಕನ್ನಡದಲ್ಲಿ ಆದರದ ಪದವೊಂದು ರೂಢಿಗೆ ಬರಲಿಲ್ಲ. ಅವರನ್ನು ಇಂದಿಗೂ ಇಂಗ್ಲಿಷಿನಿಂದ ಪಡೆದ ಹೆಸರಿನಿಂದಲೇ ಕರೆಯುತ್ತೇವೆ.

೨. ಹೆಸರುಗಳ ಚರಿತ್ರೆ

ಈ ಸಮುದಾಯದ ಹುಟ್ಟಿಗೆ ಈಸ್ಟ್ ಇಂಡಿಯಾ ಕಂಪನಿಯ ನೀತಿಯೇ ಒಂದು ಕಾಲಕ್ಕೆ ಪ್ರೋತ್ಸಾಹ ನೀಡಿತ್ತು. ೧೬೮೭ರಲ್ಲಿ ಕಂಪನಿಯ ನಿರ್ದೇಶಕರು ಮದರಾಸಿನ ಕೋಟೆಯ ಸಿಪಾಯಿಗಳು ದೇಶೀಯ ಸ್ತ್ರೀಯರನ್ನು ಮದುವೆಯಾಗುವುದಕ್ಕೆ ಉತ್ತೇಜನ ಕೊಡಲು ಬಯಸಿದರು. ಅಂತಹ ದಾಂಪತ್ಯದ ಮಗುವಿನ ದೀಕ್ಷಾಸ್ನಾನದ ಸಂದರ್ಭದಲ್ಲಿ ತಾಯಿಗೆ ಒಂದು ವರಹವನ್ನು ಕೊಡಬಹುದೆಂದು ಅವರು ಬರೆದರು. ದೂರದ ನೆಲದಲ್ಲಿ ಕಂಪನಿಗೆ ನಿಷ್ಠವಾದ ಜನವರ್ಗವೊಂದು ಬೆಳೆಯಲಿ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ನೂರು ವರ್ಷ ಕಳೆಯುವಷ್ಟರಲ್ಲಿ ಲೆಕ್ಕಾಚಾರ ಬದಲಾಯಿತು. ೧೭೮೬ರ ಆದೇಶವು ಕಲ್ಕತ್ತೆಯ ಅನಾಥಾಲಯದ ಮಿಶ್ರಮೂಲದ ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗುವುದನ್ನು ತಡೆಯಿತು. ೧೭೯೧ರಲ್ಲಿ ಭಾರತೀಯ ತಾಯಿಯ ಮಕ್ಕಳನ್ನು ಕಂಪನಿಯ ನಾಗರಿಕ, ಸೈನಿಕ ಹಾಗೂ ನೌಕಾ ಸೇವೆಗಳಿಂದ ದೂರವಿಡಲಾಯಿತು. ೧೭೯೫ರಲ್ಲಿ ತಂದೆತಾಯಿ ಇಬ್ಬರೂ ಐರೋಪ್ಯರಲ್ಲದವರಿಗೆ ಸೈನ್ಯದಲ್ಲಿ ಉಳಿದದ್ದು ಕೊಳಲು, ನಗಾರಿ ಬಾರಿಸುವವರ ಮತ್ತು ಕುದುರೆಗೆ ಲಾಳ ಕಟ್ಟುವವರ ಕೆಲಸ. ತಂದೆಯ ದೇಹದಲ್ಲಿ ಹರಿಯುತ್ತಿದ್ದ ರಕ್ತವೇನೂ ಬದಲಾಗಿರಲಿಲ್ಲ. ಬದಲಾದದ್ದು ಅದಕ್ಕೆ ಕಂಪನಿ ಕಟ್ಟುತ್ತಿದ್ದ ಬೆಲೆ.

ಹೀಗೆ ಹೊರಗಿಡಲ್ಪಟ್ಟವರು ತಮ್ಮನ್ನು ಒಂದು ಸಮುದಾಯವೆಂದು ಭಾವಿಸತೊಡಗಿದ್ದು ಈ ನಿಷೇಧಗಳ ನಂತರವೇ ಎಂಬುದು ಮಹತ್ವದ ಸಂಗತಿ. ಆಗ ಹೆಸರಿನ ಅಗತ್ಯ ಬಿತ್ತು. ‘ಇಂಡೋ-ಬ್ರಿಟನ್’, ‘ಈಸ್ಟ್ ಇಂಡಿಯನ್’, ‘ಯುರೇಷಿಯನ್’ ಮೊದಲಾದ ಹೆಸರುಗಳು ಒಂದರ ಬಳಿಕ ಒಂದು ಚಾಲ್ತಿಗೆ ಬಂದವು. ೧೮೩೦ರಲ್ಲಿ ಜಾನ್ ರಿಕೆಟ್ಸ್ ಬ್ರಿಟಿಷ್ ಪಾರ್ಲಿಮೆಂಟಿನ ಮುಂದಿಟ್ಟ ಅಹವಾಲು ‘ಈಸ್ಟ್ ಇಂಡಿಯನ್’ರ ಹೆಸರಿನಲ್ಲಿತ್ತು. ಪೋರ್ಚುಗೀಸ್ ಮೂಲವೂ ಇದ್ದ ಕವಿ, ಕಲ್ಕತ್ತೆಯ ಹಿಂದೂ ಕಾಲೇಜಿನ ಅಧ್ಯಾಪಕ ಹೆನ್ರಿ ಡಿರೋಜಿಯೊ (೧೮೦೯-೧೮೩೧) ತನ್ನ ಕಡೆಯ ವರ್ಷದಲ್ಲಿ ಹೊರಡಿಸಿದ ಪತ್ರಿಕೆಯ ಹೆಸರೂ ‘ದಿ ಈಸ್ಟ್ ಇಂಡಿಯನ್’. ಭಾರತವನ್ನು ತನ್ನ ತಾಯ್ನಾಡೆಂದು ಕರೆದು ಇಂಗ್ಲಿಷಿನಲ್ಲಿ ಕಾವ್ಯ ಬರೆದ ಆತನಿಗೆ ಎರಡು ಮೂಲಗಳಲ್ಲಿ ಒಂದನ್ನು ಬಿಡಬೇಕೆನ್ನಿಸಲಿಲ್ಲ.

‘ಆಂಗ್ಲೋ-ಇಂಡಿಯನ್’ ಎಂಬ ಪದವಾದರೋ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಅಪ್ಪಟ ಬ್ರಿಟಿಷರನ್ನು ಸೂಚಿಸುತ್ತಿತ್ತು. ‘ಯುರೇಷಿಯನ್’ ಎಂಬ ಮಾತಿಗೆ ತಿರಸ್ಕಾರದ ದನಿ ಅಂಟಿಕೊಂಡಾಗ ಮಿಶ್ರಮೂಲದವರು ಆಂಗ್ಲೋ-ಇಂಡಿಯನ್ ಎಂಬ ಹೆಸರನ್ನು ತಮ್ಮದಾಗಿಸಿಕೊಳ್ಳಲು ಹೋರಾಡಿದರು. ೧೯೧೧ರಲ್ಲಿ ಸರಕಾರ ಅದನ್ನು ಅಧಿಕೃತವಾಗಿ ಒಪ್ಪಿತು. ಹಿಂದೆ ಒಡೆಯರಿಗಿದ್ದ ಹೆಸರು ಈಗ ಅವರ ಅರ್ಧ ಒಪ್ಪಿದ ಬಂಧುಗಳಿಗೆ ದೊರೆಯಿತು.

೩. ತಂದೆಯ ಸಾಲು, ತಾಯಿಯ ಮೌನ

ಸ್ವತಂತ್ರ ಭಾರತದ ಸಂವಿಧಾನವು ೩೬೬(೨)ನೆಯ ಅನುಚ್ಛೇದದಲ್ಲಿ ಆಂಗ್ಲೋ-ಇಂಡಿಯನ್ ಎಂದರೆ ಯಾರೆಂದು ನಿರೂಪಿಸುತ್ತದೆ. ೧೯೩೫ರ ಭಾರತ ಸರಕಾರದ ಕಾಯ್ದೆಯಲ್ಲಿದ್ದ ನಿರೂಪಣೆಯ ಜಾಡಿನಲ್ಲೇ ಇದೂ ಸಾಗಿದೆ. ಅದರ ತಾತ್ಪರ್ಯವಿಷ್ಟು: ವ್ಯಕ್ತಿಯ ತಂದೆ ಅಥವಾ ತಂದೆಯ ಕಡೆಯ ಗಂಡುಸಾಲಿನ ಯಾವನಾದರೂ ಪೂರ್ವಜ ಐರೋಪ್ಯ ಮೂಲದವನಾಗಿರಬೇಕು, ವ್ಯಕ್ತಿಯು ಭಾರತದಲ್ಲಿ ನೆಲೆಸಿರಬೇಕು, ತಾತ್ಕಾಲಿಕವಾಗಿ ಬಂದುಹೋಗುವವರಲ್ಲದೆ ಇಲ್ಲಿಯೇ ವಾಸವಾಗಿದ್ದ ತಂದೆತಾಯಿಗಳಿಗೆ ಭಾರತದಲ್ಲಿ ಹುಟ್ಟಿರಬೇಕು.

ಈ ನಿರೂಪಣೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದನ್ನು ಹೆಚ್ಚಾಗಿ ಗಮನಿಸಬೇಕು. ಧರ್ಮದ ಮಾತಿಲ್ಲ. ಭಾಷೆಯ ಮಾತಿಲ್ಲ. ಇಂಗ್ಲಿಷರೇ ಆಗಬೇಕೆಂದಿಲ್ಲ, ಪೋರ್ಚುಗೀಸ್, ಡಚ್, ಫ್ರೆಂಚ್ ಪೂರ್ವಜರೂ ಸಲ್ಲುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ತಾಯಿಯ ಮೂಲದ ಪ್ರಸ್ತಾಪವೇ ಇಲ್ಲ. ಎರಡು ಮೂಲಗಳ ಕೂಡುವಿಕೆಯಿಂದ ಹುಟ್ಟಿದ ಸಮುದಾಯವೊಂದರ ಕಾನೂನುಬದ್ಧ ವಿವರಣೆಯಲ್ಲಿ ಒಂದು ಮೂಲ ಪೂರ್ತಿಯಾಗಿ ಮರೆಯಾಗಿದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಆಂಗ್ಲೋ-ಇಂಡಿಯನ್ ಮನೆಯೊಂದರ ಅಣ್ಣತಂಗಿಯರಿಬ್ಬರೂ ಸಮುದಾಯದ ಹೊರಗೆ, ಕನ್ನಡ ಮಾತನಾಡುವ ಮನೆಗಳಲ್ಲಿ ಸಂಬಂಧ ಬೆಳೆಸಿದರೆಂದು ಭಾವಿಸೋಣ. ಅಣ್ಣನ ಮಕ್ಕಳು ಊರಿನಲ್ಲಿ ಕನ್ನಡವನ್ನೇ ಮನೆಮಾತಾಗಿಸಿಕೊಂಡು ಬೆಳೆದರೂ ಕಾನೂನಿನ ಕಣ್ಣಿನಲ್ಲಿ ಆಂಗ್ಲೋ-ಇಂಡಿಯನ್ನರು. ತಂಗಿಯ ಮಕ್ಕಳು ಅಜ್ಜಿಯ ಮನೆಯಲ್ಲಿ ಬೆಳೆದು, ಇಂಗ್ಲಿಷನ್ನೇ ಆಡಿ, ಅದೇ ಚರ್ಚಿಗೆ ಹೋಗಿ, ಅದೇ ಅಡುಗೆ ಉಂಡರೂ ಆಂಗ್ಲೋ-ಇಂಡಿಯನ್ನರಲ್ಲ. ಇಬ್ಬರ ಮಕ್ಕಳಿಗೂ ಮುತ್ತಜ್ಜನೊಬ್ಬನೇ.

ತಂದೆಯ ಸಾಲಿನಿಂದ ಕುಲವನ್ನು ಎಣಿಸುವುದು ಸಹಜವೆಂದು ತೋರುವವರು ಕರಾವಳಿ ಕರ್ನಾಟಕವನ್ನು ನೆನೆಯಬೇಕು. ಅಳಿಯಸಂತಾನ ಪದ್ಧತಿಯಲ್ಲಿ ಬಳಿಯೂ ಆಸ್ತಿಯೂ ತಾಯಿಯ ಮೂಲಕ ಇಳಿದುಬರುತ್ತವೆ. ಅದನ್ನು ಒಪ್ಪಿಯೇ ೧೯೪೯ರ ಮದ್ರಾಸ್ ಅಳಿಯಸಂತಾನ ಕಾಯ್ದೆ ರೂಪುಗೊಂಡಿತು. ಸಂವಿಧಾನ ಜಾರಿಗೆ ಬಂದದ್ದು ಅದರ ಮರುವರ್ಷ. ಒಂದು ಕಾನೂನಿನಲ್ಲಿ ತಾಯಿಯಿಂದ ಸಾಗುವ ಗುರುತು ಇನ್ನೊಂದರಲ್ಲಿ ತಂದೆಯಿಂದ ಮಾತ್ರ ಸಾಗುತ್ತದೆಂದರೆ, ಎರಡೂ ಮನುಷ್ಯರು ಮಾಡಿಕೊಂಡ ಕಟ್ಟಳೆಗಳೇ ಹೊರತು ನಿಸರ್ಗದ ನಿಯಮಗಳಲ್ಲ.

ನ್ಯಾಯಾಲಯಗಳು ಇನ್ನೊಂದು ಕ್ಷೇತ್ರದಲ್ಲಿ ಈ ಬಿಗಿತವನ್ನು ಸಡಿಲಿಸಿವೆ. ತಂದೆ ಮೇಲ್ಜಾತಿಯವನಾಗಿ ತಾಯಿ ಪರಿಶಿಷ್ಟ ವರ್ಗಕ್ಕೆ ಸೇರಿದ್ದಾಗ ಮಗುವಿನ ಜಾತಿ ಯಾವುದು ಎಂಬ ಪ್ರಶ್ನೆ ಗುಜರಾತಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ತಂದೆಯ ಜಾತಿಯೇ ಮಗುವಿನದೆಂಬ ಪೂರ್ವಗ್ರಹಿಕೆ ಅಂತಿಮವಲ್ಲ. ಮಗು ತಾಯಿಯ ಸಮುದಾಯದಲ್ಲಿ ಬೆಳೆದು ಆ ಸಮುದಾಯದ ಅವಮಾನ, ವಂಚನೆಗಳನ್ನು ಅನುಭವಿಸಿದೆಯೆಂದು ಸಾಕ್ಷ್ಯದಿಂದ ತೋರಿಸಬಹುದು ಎಂದು ೨೦೧೨ರ ತೀರ್ಪು ಹೇಳಿತು. ಇಲ್ಲಿ ಗುರುತಿನ ಒರೆಗಲ್ಲು ರಕ್ತದಿಂದ ಬದುಕಿನತ್ತ ಸರಿದಿದೆ. ಆಂಗ್ಲೋ-ಇಂಡಿಯನ್ ನಿರೂಪಣೆಯು ಅಂತಹ ಸರಿತಕ್ಕೆ ಎಡೆಗೊಡದೆ ನಿಂತಿದೆ.

೪. ಕರ್ನಾಟಕದ ನೆಲೆಗಳು

೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರ್ ಮನೆತನಕ್ಕೆ ಮರಳಿದಾಗ ಬೆಂಗಳೂರಿನ ದಂಡು ಪ್ರದೇಶ ಮಾತ್ರ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅಲ್ಲಿನ ಶಾಲೆಗಳು, ಚರ್ಚುಗಳು, ಅಂಚೆ-ತಂತಿ ಮತ್ತು ರೈಲ್ವೆ ಇಲಾಖೆಗಳ ಸುತ್ತ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಗೊಂಡವು. ಮರುವರ್ಷ, ೧೮೮೨ರಲ್ಲಿ, ಹತ್ತನೆಯ ಚಾಮರಾಜ ಒಡೆಯರು ‘ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್’ ಸಂಘಕ್ಕೆ ಬೆಂಗಳೂರಿನ ಪೂರ್ವದಲ್ಲಿ ಸುಮಾರು ೩,೯೦೦ ಎಕರೆ ಭೂಮಿಯನ್ನು ನೀಡಿದರು. ಸರಕಾರಿ ನೌಕರಿಯನ್ನೇ ನೆಚ್ಚಿದ ಜನ ಬೇಸಾಯದಿಂದ ಸ್ವಾವಲಂಬಿಗಳಾಗಲಿ ಎಂಬುದು ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಆಶಯ. ಅವರ ಹೆಸರಿನಿಂದಲೇ ಅದು ವೈಟ್‌ಫೀಲ್ಡ್ ಎನಿಸಿತು. ನಡುವೆ ಬಯಲು, ಸುತ್ತ ವೃತ್ತಾಕಾರದಲ್ಲಿ ಮನೆಗಳು ಎಂಬ ವಿನ್ಯಾಸದ ಆ ಹಳ್ಳಿಯ ಕುರುಹುಗಳು, ೧೯೯೦ರ ದಶಕದಿಂದೀಚೆಗೆ ಎದ್ದ ಮಾಹಿತಿ ತಂತ್ರಜ್ಞಾನದ ಕಟ್ಟಡಗಳ ನಡುವೆ ಇಂದು ಹುಡುಕಿ ನೋಡಬೇಕಾದಷ್ಟು ಕಿರಿದಾಗಿವೆ. ಆ ಹೆಸರಿನ ಹಿಂದೆ ಬಿಳಿಯ ಬಣ್ಣದ ಬಯಲಲ್ಲ, ಒಂದು ಸಮುದಾಯದ ಕನಸಿದೆ ಎಂಬುದು ದಿನವೂ ಅಲ್ಲಿಗೆ ಹೋಗಿಬರುವ ಬಹುಮಂದಿಗೆ ತಿಳಿಯದು.

ಕೋಲಾರದ ಚಿನ್ನದ ಗಣಿಯಲ್ಲಿ ಈ ಸಮುದಾಯದ ಸ್ಥಾನ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ೧೮೮೦ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿದ ಆ ಗಣಿಗಳಲ್ಲಿ ಮೇಲಿನ ಹುದ್ದೆಗಳು ಬ್ರಿಟಿಷರವು. ಸುರಂಗದಾಳದ ದುಡಿಮೆ ಬಹುಮಟ್ಟಿಗೆ ತಮಿಳು, ತೆಲುಗು ಜಿಲ್ಲೆಗಳಿಂದ ಬಂದ ದಲಿತ ಕಾರ್ಮಿಕರದು. ಮೇಲ್ವಿಚಾರಣೆ ಮತ್ತು ತಾಂತ್ರಿಕ ಕೆಲಸಗಳ ನಡುಹಂತದಲ್ಲಿ ಆಂಗ್ಲೋ-ಇಂಡಿಯನ್ನರು ಇದ್ದರು. ವಸತಿ, ಕ್ಲಬ್ಬು, ಆಟದ ಮೈದಾನಗಳೂ ಈ ಏಣಿಯ ಮೆಟ್ಟಿಲುಗಳಂತೆಯೇ ವಿಂಗಡವಾಗಿದ್ದವು. ಮೇಲಿನವರಿಗೆ ಇವರು ಪೂರ್ತಿ ತಮ್ಮವರಲ್ಲ, ಕೆಳಗಿನವರಿಗೆ ಇವರು ದೊರೆಗಳ ಕಡೆಯವರು. ಮಿಶ್ರಮೂಲದವರ ಗುರುತಿನ ಇಕ್ಕಟ್ಟು ಮನಸ್ಸಿನೊಳಗಿನ ತುಮುಲವಾಗಿರುವಷ್ಟೇ ಸಂಬಳದ ಚೀಟಿ ಮತ್ತು ಮನೆಯ ವಿಸ್ತೀರ್ಣದಲ್ಲೂ ಬರೆದಿಟ್ಟ ಸಂಗತಿಯಾಗಿತ್ತು. ೧೯೫೬ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡವು; ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಅಷ್ಟರಲ್ಲಿ ಬಹಳ ಕುಟುಂಬಗಳು ಬೆಂಗಳೂರಿಗೋ ಹೊರದೇಶಗಳಿಗೋ ತೆರಳಿದ್ದವು.

ಉಳಿದದ್ದು ಮನೆಯೊಳಗಿನ ಆಚರಣೆ. ಕೈಮಾ ಉಂಡೆಗಳ ಬಾಲ್ ಕರಿ, ತೆಂಗಿನಹಾಲಿನಲ್ಲಿ ಬೇಯಿಸಿದ ಹಳದಿ ಅನ್ನ, ನಮ್ಮ ಸಾರಿನ ನಂಟಿರುವ ಪೆಪ್ಪರ್ ವಾಟರ್, ಕ್ರಿಸ್‌ಮಸ್ ಕಾಲದ ಕಲ್‌ಕಲ್ ಮತ್ತು ರೋಸ್ ಕುಕ್ಕಿಗಳು ಈ ಅಡುಗೆಯ ಗುರುತುಗಳು. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಅವರು ಇಂತಹ ಅಡುಗೆಗಳನ್ನು ಪುಸ್ತಕರೂಪದಲ್ಲಿ ಸಂಗ್ರಹಿಸಿದ್ದಾರೆ. ಕಾನೂನಿನ ನಿರೂಪಣೆಯಲ್ಲಿ ಮರೆಯಾದ ತಾಯಂದಿರು ಈ ಅಡುಗೆಮನೆಯಲ್ಲಿ ಉಳಿದುಕೊಂಡಿದ್ದಾರೆ: ಬಾಲ್ ಕರಿಯ ಅರಿಸಿನ, ಕೊತ್ತಂಬರಿ, ತೆಂಗು ಬಂದದ್ದು ತಂದೆಯ ಸಾಲಿನಿಂದಲ್ಲ.

ಇಲ್ಲಿಯೇ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಡಿಸೋಜ, ಫೆರ್ನಾಂಡಿಸ್, ಪಿಂಟೊ ಮುಂತಾದ ಹೆಸರುಗಳನ್ನು ಕೇಳಿದೊಡನೆ ಪೋರ್ಚುಗೀಸ್ ರಕ್ತಸಂಬಂಧವನ್ನು ಊಹಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಮಂಗಳೂರಿನ ಕೊಂಕಣಿ ಕಥೋಲಿಕರ ಈ ಕುಲನಾಮಗಳು ಹದಿನಾರನೆಯ ಶತಮಾನದಿಂದ ಗೋವೆಯಲ್ಲಿ ನಡೆದ ಮತಾಂತರದ ಸಂದರ್ಭದಲ್ಲಿ, ದೀಕ್ಷಾಸ್ನಾನದ ಮೂಲಕ ಬಂದವು. ಹೆಸರು ಐರೋಪ್ಯವಾದರೂ ಮೂಲ ಈ ನೆಲದ್ದು. ಹಲವು ಮನೆತನಗಳಲ್ಲಿ ಮತಾಂತರಕ್ಕೆ ಹಿಂದಿನ ಕುಲದ ನೆನಪೂ ಉಳಿದಿದೆ. ಹೆಸರಿನಿಂದ ಮೂಲವನ್ನು ಓದಲು ಹೊರಟರೆ ಮಿಶ್ರರಲ್ಲದವರು ಮಿಶ್ರರಾಗಿಯೂ, ತಾಯಿಯ ಕಡೆಯಿಂದ ಮಾತ್ರ ಐರೋಪ್ಯ ಮೂಲವಿರುವವರು ಅಮಿಶ್ರರಾಗಿಯೂ ತೋರುತ್ತಾರೆ.

೫. ದಾಟುವಿಕೆಯ ಬೆಲೆ

ಗುರುತನ್ನು ಆಯ್ದುಕೊಳ್ಳುವುದೆಂದರೆ ಕೆಲವೊಮ್ಮೆ ಒಂದು ಗುರುತನ್ನು ಮುಚ್ಚಿಡುವುದೂ ಹೌದು. ಬ್ರಿಟಿಷರ ಕಾಲದ ಜನಗಣತಿ ಅಧಿಕಾರಿಗಳು ಒಂದು ದೂರನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ: ಬಿಳಿಯ ಮೈಬಣ್ಣದ ಆಂಗ್ಲೋ-ಇಂಡಿಯನ್ನರು ತಮ್ಮನ್ನು ಯುರೋಪಿಯನ್ನರೆಂದು ಬರೆಸುತ್ತಾರೆ, ಭಾರತೀಯ ಕ್ರೈಸ್ತರಲ್ಲಿ ಕೆಲವರು ಆಂಗ್ಲೋ-ಇಂಡಿಯನ್ನರೆಂದು ಬರೆಸುತ್ತಾರೆ. ಅಧಿಕಾರಿಗಳಿಗೆ ಇದು ಸುಳ್ಳು ಹೇಳಿಕೆಯಾಗಿ ಕಂಡಿತು. ಆದರೆ ನೌಕರಿ, ಸಂಬಳ, ಶಾಲೆಗಳೆಲ್ಲ ಈ ಅಂಕಣಗಳನ್ನೇ ಅವಲಂಬಿಸಿದ್ದ ಕಾಲದಲ್ಲಿ ಜನರು ಒಂದು ಮೆಟ್ಟಿಲು ಮೇಲೆ ಬರೆಸಿಕೊಳ್ಳಲು ಯತ್ನಿಸಿದ್ದು ಆಶ್ಚರ್ಯವಲ್ಲ.

ಇದರ ಅತ್ಯಂತ ಪ್ರಸಿದ್ಧ ನಿದರ್ಶನ ಚಿತ್ರನಟಿ ಮೆರ್ಲ್ ಒಬೆರಾನ್. ೧೯೧೧ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈಕೆ ತಾನು ಆಸ್ಟ್ರೇಲಿಯಾದ ಟಾಸ್ಮೇನಿಯದವಳೆಂದು ಹೇಳಿಕೊಂಡು ಹಾಲಿವುಡ್ಡಿನಲ್ಲಿ ಬಾಳಿದಳು. ೧೯೩೫ರ ‘ದಿ ಡಾರ್ಕ್ ಏಂಜಲ್’ ಚಿತ್ರದ ಅಭಿನಯಕ್ಕಾಗಿ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಳು. ೧೯೭೯ರಲ್ಲಿ ಆಕೆ ತೀರಿಕೊಂಡ ಬಳಿಕವೇ ಅವಳ ಭಾರತೀಯ ಮೂಲ ವ್ಯಾಪಕವಾಗಿ ತಿಳಿದುಬಂತು. ಜೀವಮಾನವಿಡೀ ಕಾಪಾಡಿಕೊಂಡ ಈ ಗುಟ್ಟಿಗೆ ಅವಳ ಸ್ವಭಾವವನ್ನು ಹೊಣೆಯಾಗಿಸುವುದು ಸುಲಭ. ಬಿಳಿಯರಲ್ಲದವರಿಗೆ ನಾಯಕಿಯ ಪಾತ್ರ ದೊರೆಯದಿದ್ದ ಉದ್ಯಮವನ್ನು ಮರೆತರೆ ಮಾತ್ರ ಆ ತೀರ್ಮಾನ ನಿಲ್ಲುತ್ತದೆ.

೧೯೪೭ರ ನಂತರ ಆಯ್ಕೆಯ ದಿಕ್ಕು ಬದಲಾಯಿತು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ದೇಶಗಳಿಗೆ ಸಾವಿರಾರು ಕುಟುಂಬಗಳು ಹೊರಟವು. ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕುವವರು ಗಂಡುಸಾಲಿನ ಬ್ರಿಟಿಷ್ ಪೂರ್ವಜನನ್ನು ಚರ್ಚಿನ ದಾಖಲೆಗಳಲ್ಲಿ ಹುಡುಕಿ ತೋರಿಸಬೇಕಾಯಿತು. ೧೯೭೩ರವರೆಗೆ ಒಂದಲ್ಲ ಒಂದು ರೂಪದಲ್ಲಿ ಉಳಿದಿದ್ದ ‘ಬಿಳಿಯ ಆಸ್ಟ್ರೇಲಿಯಾ’ ನೀತಿಯ ಅಡಿಯಲ್ಲಿ ಮೂಲದ ಜೊತೆಗೆ ಮೈಬಣ್ಣವೂ ಪರೀಕ್ಷೆಗೊಳಗಾಗುತ್ತಿತ್ತು. ಇಲ್ಲಿಯೇ ಉಳಿದವರಿಗೆ ಸಮುದಾಯದ ನಾಯಕರೂ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದ ಫ್ರ್ಯಾಂಕ್ ಆಂಟನಿ (೧೯೦೮-೧೯೯೩) ಬೇರೊಂದು ದಾರಿಯನ್ನು ತೋರಿದರು. ರಾಷ್ಟ್ರೀಯತೆಯಿಂದ ನಾವು ಭಾರತೀಯರು, ಸಮುದಾಯದಿಂದ ಆಂಗ್ಲೋ-ಇಂಡಿಯನ್ನರು ಎಂಬುದು ಅವರ ನಿಲುವು. ಎರಡರಲ್ಲಿ ಒಂದನ್ನು ಆರಿಸಬೇಕೆಂಬ ಒತ್ತಾಯವನ್ನೇ ಅವರು ಒಪ್ಪಲಿಲ್ಲ. ಸಂವಿಧಾನವು ರೈಲ್ವೆ, ಸುಂಕ, ಅಂಚೆ-ತಂತಿ ಇಲಾಖೆಗಳ ನೌಕರಿಗಳಲ್ಲೂ ಶಾಲಾ ಅನುದಾನದಲ್ಲೂ ಹತ್ತು ವರ್ಷಗಳ ಅವಧಿಗೆ, ಹಂತಹಂತವಾಗಿ ಇಳಿಯುವ ರಕ್ಷಣೆಯನ್ನು ನೀಡಿದ್ದು ಈ ಹಿನ್ನೆಲೆಯಲ್ಲಿ.

೬. ಆಯ್ಕೆ ಇಲ್ಲದವರು

ಇಷ್ಟನ್ನು ಹೇಳುವಾಗ, ಗುರುತಿನ ಆಯ್ಕೆ ಎಲ್ಲ ಮಿಶ್ರಮೂಲದವರಿಗೂ ಸಮನಾಗಿ ಒದಗುವುದಿಲ್ಲ ಎಂಬುದನ್ನು ಮರೆಯಲಾಗದು. ಇದಕ್ಕೆ ಕರ್ನಾಟಕದಲ್ಲೇ ಇನ್ನೊಂದು ಸಮುದಾಯ ಸಾಕ್ಷಿಯಾಗಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಮೊದಲಾದ ತಾಲೂಕುಗಳ ಸಿದ್ದಿಯರು ಪೂರ್ವ ಆಫ್ರಿಕಾ ಮೂಲದವರು. ಅವರ ಪೂರ್ವಜರಲ್ಲಿ ಬಹುಮಂದಿ ಪೋರ್ಚುಗೀಸರ ಗೋವೆಯ ಮೂಲಕ ಗುಲಾಮರಾಗಿ ಬಂದು, ತಪ್ಪಿಸಿಕೊಂಡೋ ಬಿಡುಗಡೆಗೊಂಡೋ ಸಹ್ಯಾದ್ರಿಯ ಕಾಡುಗಳನ್ನು ಸೇರಿದವರು. ಶತಮಾನಗಳ ಅವಧಿಯಲ್ಲಿ ಅವರು ಈ ನೆಲದ ಭಾಷೆ, ದೇವರು, ಊಟ, ಉಡುಗೆಗಳನ್ನು ತಮ್ಮದಾಗಿಸಿಕೊಂಡರು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಕೊಂಕಣಿ, ಮರಾಠಿ, ಉರ್ದು, ಕನ್ನಡ ಅವರ ನಾಲಗೆಯ ಮೇಲಿವೆ.

ಸಂಸ್ಕೃತಿಯ ದೃಷ್ಟಿಯಿಂದ ಸಿದ್ದಿಯರಷ್ಟು ಬೆರೆತವರು ವಿರಳ. ಆದರೂ ಕನ್ನಡವನ್ನು ಎಷ್ಟು ಚೆನ್ನಾಗಿ ಆಡಿದರೂ ಹೊರಗಿನವರು ಅವರ ಕೂದಲನ್ನೂ ಮುಖವನ್ನೂ ನೋಡಿ ಯಾವ ದೇಶದವರೆಂದು ಕೇಳುತ್ತಾರೆ. ಆಂಗ್ಲೋ-ಇಂಡಿಯನ್ನನು ಸಂದರ್ಭಕ್ಕೆ ತಕ್ಕಂತೆ ಒಂದು ಅಂಕಣದಿಂದ ಇನ್ನೊಂದಕ್ಕೆ ಸರಿಯಬಹುದಿತ್ತು. ಸಿದ್ದಿಗೆ ಆ ಅವಕಾಶವಿಲ್ಲ. ಅವನು ಹೇಳಿಕೊಳ್ಳುವ ಮೊದಲೇ ಗುರುತನ್ನು ನೋಡುವವರು ಹೇಳಿಬಿಟ್ಟಿರುತ್ತಾರೆ. ಹೀಗೆ ಹೊರಗಿನಿಂದ ಹೊರಿಸಿದ ಗುರುತನ್ನೇ ಮೂರು ಧರ್ಮಗಳ ಸಿದ್ದಿಯರು ಒಗ್ಗಟ್ಟಿನ ನೆಲೆಯಾಗಿ ಮಾರ್ಪಡಿಸಿಕೊಂಡರು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ೨೦೨೦ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಒಂದು ಮಿಶ್ರ ಸಮುದಾಯಕ್ಕೆ ನಾಮನಿರ್ದೇಶನದ ಬಾಗಿಲು ಮುಚ್ಚಿದ ವರ್ಷವೇ ಇನ್ನೊಂದು ಸಮುದಾಯದವರೊಬ್ಬರು ನಾಮನಿರ್ದೇಶನದಿಂದಲೇ ಶಾಸನಸಭೆಯನ್ನು ಪ್ರವೇಶಿಸಿದರು.

೭. ನಮೂನೆಯ ಅಂಕಣಗಳು

ಈಗ ಆರಂಭದ ಸಂಖ್ಯೆಗೆ ಮರಳಬಹುದು. ೨೦೧೧ರ ಜನಗಣತಿಯ ನಮೂನೆಯಲ್ಲಿ ಧರ್ಮ, ಪರಿಶಿಷ್ಟ ಜಾತಿ-ಪಂಗಡ, ಮಾತೃಭಾಷೆ ಇವುಗಳಿಗೆ ಅಂಕಣಗಳಿದ್ದವು. ಆಂಗ್ಲೋ-ಇಂಡಿಯನ್ ಎಂದು ನಮೂದಿಸಲು ಪ್ರತ್ಯೇಕ ಅಂಕಣವಿರಲಿಲ್ಲ. ಮನೆಬಾಗಿಲಿಗೆ ಬಂದ ಗಣತಿದಾರನಿಗೆ ಕುಟುಂಬವೊಂದು ಧರ್ಮ ಕ್ರೈಸ್ತ, ಮಾತೃಭಾಷೆ ಇಂಗ್ಲಿಷ್ ಎಂದು ಸತ್ಯವನ್ನೇ ಹೇಳಿದರೂ ಸಮುದಾಯದ ಲೆಕ್ಕದಲ್ಲಿ ಅದು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅದೇ ಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆಯೆಂದು ಹೇಳಿದವರು ೨,೫೯,೬೭೮ ಮಂದಿ. ಇವರೆಲ್ಲರೂ ಆಂಗ್ಲೋ-ಇಂಡಿಯನ್ನರಲ್ಲ, ನಿಜ. ಆದರೆ ೨೯೬ ಎಂಬುದು ಸಮುದಾಯದ ಗಾತ್ರವನ್ನು ಅಳೆದ ಸಂಖ್ಯೆಯಲ್ಲ, ಕೇಳದ ಪ್ರಶ್ನೆಗೆ ಉತ್ತರಿಸಿದವರ ಸಂಖ್ಯೆ ಎಂಬುದನ್ನು ಅರಿಯಲು ಇಷ್ಟು ಸಾಕು.

ಪ್ರಶ್ನೆಯ ರೂಪ ಬದಲಾದರೆ ಜನಸಂಖ್ಯೆಯೇ ಬದಲಾದಂತೆ ತೋರುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ಒಳ್ಳೆಯ ಹೋಲಿಕೆಯಾಗುತ್ತದೆ. ಕಪ್ಪು ಪೂರ್ವಜನೊಬ್ಬನಿದ್ದರೂ ವ್ಯಕ್ತಿ ಕಪ್ಪುವರ್ಣದವನೇ ಎಂದು ಎಣಿಸುತ್ತಿದ್ದ, ೧೯೬೭ರವರೆಗೂ ಹಲವು ರಾಜ್ಯಗಳಲ್ಲಿ ವರ್ಣಾಂತರ ವಿವಾಹವನ್ನು ಅಪರಾಧವೆಂದು ಕಂಡ ಆ ದೇಶದಲ್ಲಿ, ೨೦೦೦ದ ಜನಗಣತಿಯು ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತು ಹಾಕುವ ಅವಕಾಶವನ್ನು ಮೊದಲ ಬಾರಿಗೆ ಕೊಟ್ಟಿತು. ಆಗ ಹಾಗೆ ಬರೆಸಿದವರು ಸುಮಾರು ೬೮ ಲಕ್ಷ. ೨೦೧೦ರಲ್ಲಿ ೯೦ ಲಕ್ಷ. ೨೦೨೦ರಲ್ಲಿ ೩ ಕೋಟಿ ೩೮ ಲಕ್ಷ, ಅಂದರೆ ಶೇಕಡಾ ೧೦.೨. ಹತ್ತು ವರ್ಷಗಳಲ್ಲಿ ಮಿಶ್ರ ಸಂತಾನ ಮೂರು ಪಟ್ಟು ಮೀರಿ ಬೆಳೆಯಲಿಲ್ಲ. ಪ್ರಶ್ನೆಯ ವಿನ್ಯಾಸ ಮತ್ತು ಉತ್ತರಗಳ ಸಂಸ್ಕರಣೆಯನ್ನು ಸುಧಾರಿಸಿದ್ದೇ ಈ ಏರಿಕೆಗೆ ಬಹುಮಟ್ಟಿನ ಕಾರಣವೆಂದು ಅಲ್ಲಿನ ಗಣತಿ ಇಲಾಖೆಯೇ ಹೇಳಿದೆ.

ನಮ್ಮಲ್ಲಿಯೂ ಈ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿದೆ. ೨೦೨೭ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವ ನಿರ್ಧಾರವನ್ನು ಕೇಂದ್ರ ಸರಕಾರ ೨೦೨೫ರಲ್ಲಿ ಪ್ರಕಟಿಸಿತು. ಅದೇ ವರ್ಷ ಕರ್ನಾಟಕದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಸಂದರ್ಭದಲ್ಲಿ ಜಾತಿಯ ಹೆಸರಿನೊಡನೆ ಕ್ರೈಸ್ತ ಎಂಬ ಪದವನ್ನು ಜೋಡಿಸಿದ ನಮೂದುಗಳು ಪಟ್ಟಿಯಲ್ಲಿರಬೇಕೇ ಎಂಬುದು ದೊಡ್ಡ ವಿವಾದವಾಯಿತು. ಅದರ ರಾಜಕೀಯವನ್ನು ಬದಿಗಿಟ್ಟು ನೋಡಿದರೆ, ಎರಡು ಪದಗಳನ್ನು ಒಟ್ಟಿಗೆ ಹೊತ್ತ ಗುರುತನ್ನು ಕಂಡಾಗ ಆಡಳಿತಕ್ಕೂ ಸಮಾಜಕ್ಕೂ ಆಗುವ ಕಸಿವಿಸಿ ಅಲ್ಲಿ ಎದ್ದು ಕಾಣುತ್ತದೆ. ಗಣತಿಯ ಪಟ್ಟಿಯು ಒಬ್ಬರಿಗೆ ಒಂದೇ ಮನೆಯೆಂದು ನಂಬುತ್ತದೆ; ಬದುಕು ಹಾಗಿರುವುದಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮಿಶ್ರಮೂಲದ ಗುರುತು ರಕ್ತದ ಪ್ರಮಾಣದಿಂದ ತೀರ್ಮಾನವಾಗುವುದಿಲ್ಲ. ಒಂದೇ ರಕ್ತವು ೧೬೮೭ರಲ್ಲಿ ಪ್ರೋತ್ಸಾಹಕ್ಕೂ ೧೭೯೧ರಲ್ಲಿ ನಿಷೇಧಕ್ಕೂ ೧೯೫೦ರಲ್ಲಿ ರಕ್ಷಣೆಗೂ ಪಾತ್ರವಾಯಿತು. ಎರಡನೆಯದಾಗಿ, ವ್ಯಕ್ತಿಯ ಆಯ್ಕೆ ನಿಜವಾದರೂ ಅದು ಕಾನೂನಿನ ಭಾಷೆ, ನೌಕರಿಯ ಏಣಿ, ನೋಡುವವರ ಕಣ್ಣು ಇವುಗಳ ನಡುವೆ ನಡೆಯುತ್ತದೆ. ಮೂರನೆಯದಾಗಿ, ತಾಯಿಯ ಸಾಲನ್ನು ಬಿಟ್ಟ ನಿರೂಪಣೆಯು ಸಮುದಾಯದ ಅರ್ಧ ಚರಿತ್ರೆಯನ್ನೇ ಬಿಟ್ಟಂತೆ. ಇನ್ನು ಮುಂದಿನ ಗಣತಿಗಳಲ್ಲಿ ಬಯಸುವವರಿಗೆ ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಬರೆಸಲು ಎಡೆಯಿರಬೇಕು. ಹೇಳಲು ಇಷ್ಟಪಡದವರ ಮೌನಕ್ಕೂ ಗೌರವವಿರಬೇಕು.

ಕರ್ನಾಟಕದಲ್ಲಿ ಆಂಗ್ಲೋ-ಇಂಡಿಯನ್ನರು ಒಂಬತ್ತು ಮಂದಿ ಎಂದು ದಾಖಲೆ ಹೇಳುತ್ತದೆ. ವೈಟ್‌ಫೀಲ್ಡಿನ ಹಳೆಯ ವೃತ್ತದಲ್ಲಿ, ಕೆಜಿಎಫ್‌ನ ಬಂಗಲೆಗಳಲ್ಲಿ, ಬೆಂಗಳೂರಿನ ದಂಡು ಪ್ರದೇಶದ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕಲ್‌ಕಲ್ ಸುತ್ತುವ ಕೈಗಳನ್ನು ಎಣಿಸಿದವರು ಆ ದಾಖಲೆಯನ್ನು ಬರೆದಿಲ್ಲ. ಸಂಶೋಧಕರು ಇಂತಹ ಸಂಖ್ಯೆಗಳನ್ನು ಉದ್ಧರಿಸುವ ಮುನ್ನ, ಯಾರನ್ನು ಏನೆಂದು ಕೇಳಲಾಯಿತು ಎಂಬುದನ್ನು ಮೊದಲು ವಿಚಾರಿಸುವುದು ಒಳಿತು.